ಎಸ್ಸೆಸ್ಸೆಲ್ಸಿ ರಿಸಲ್ಟಿಗೂ ಪಿಯು ಅಡ್ಮಿಶನ್ನಿಗೂ ನಡುವೆ

ಮೇ ತಿಂಗಳಲ್ಲಿ ದಾವಣಗೆರೆಗೆ ಬಂದಿಳಿದವರಿಗೆ ಈ ಊರಿನ ಕಸುಬು ಯಾವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ರಸ್ತೆಯ ಬದಿಯಲ್ಲೆಲ್ಲ ಫ್ಲೆಕ್ಸುಗಳು. ಅವುಗಳಲ್ಲಿ ಪಾಸ್‌ಪೋರ್ಟ್ ಅಳತೆಯ ಮುಖಗಳು, ಮುಖದ ಕೆಳಗೆ ಹೆಸರು, ಹೆಸರಿಗಿಂತ ದಪ್ಪಕ್ಷರದಲ್ಲಿ ರ‍್ಯಾಂಕು. ಜಗಳೂರು, ಹೊನ್ನಾಳಿ, ಚನ್ನಗಿರಿ, ಹರಪನಹಳ್ಳಿ ಕಡೆಯ ಅಪ್ಪ ಅಮ್ಮಂದಿರು ಆಗಷ್ಟೇ ಹತ್ತನೇ ತರಗತಿ ಪಾಸಾದ ಮಕ್ಕಳನ್ನು ಕರೆದುಕೊಂಡು ಬಂದು ಕಾಲೇಜಿನಿಂದ ಕಾಲೇಜಿಗೆ ಅಲೆಯುತ್ತಾರೆ. ಫೀಸೆಷ್ಟು, ಹಾಸ್ಟೆಲ್ ಹೇಗೆ, ಹೋದ ವರ್ಷ ಎಷ್ಟು ಜನಕ್ಕೆ ಮೆಡಿಕಲ್ ಸೀಟು ಸಿಕ್ಕಿತು ಎಂದೆಲ್ಲ ವಿಚಾರಿಸುತ್ತಾರೆ. ಕಾಂಬಿನೇಶನ್ ಯಾವುದು ಎಂಬಲ್ಲಿಗೆ ಬಂದಾಗ ಮಾತ್ರ ಹೆಚ್ಚು ಮಾತಿಲ್ಲ. ‘ಪಿಸಿಎಂಬಿ ಕೊಡಿಸಿಬಿಡ್ರಿ, ಮೆಡಿಕಲ್ಲು, ಎಂಜಿನಿಯರಿಂಗು ಎರಡೂ ಕಡಿಗೆ ಬಾಗಿಲು ತೆಗೆದಿರ್ತತಿ’ ಎಂದು ಯಾರೋ ತಿಳಿದವರು ಹೇಳುತ್ತಾರೆ. ಅರ್ಜಿ ತುಂಬಿ ಆಗುತ್ತದೆ. ಬೆಣ್ಣೆದೋಸೆ ತಿಂದು ಸಂಜೆ ಬಸ್ಸಿಗೆ ಊರು ಸೇರುತ್ತಾರೆ. ಅಷ್ಟು ಹೊತ್ತಿನಲ್ಲಿ ‘ನಿನಗೆ ಇದು ಯಾಕೆ ಬೇಕು?’ ಎಂದು ಆ ಹುಡುಗಿಯನ್ನೋ ಹುಡುಗನನ್ನೋ ಯಾರಾದರೂ ಒಬ್ಬರು ಕೇಳಿದ್ದರೆ ಅದು ಅವರ ಪುಣ್ಯ.

ಹೆತ್ತವರನ್ನು ದೂರುವುದು ಈ ಅಧ್ಯಾಯದ ಕೆಲಸವಲ್ಲ. ಸಾಲ ಮಾಡಿಯಾದರೂ ಮಕ್ಕಳನ್ನು ಓದಿಸುವವರ ಕಾಳಜಿಯನ್ನು ಪ್ರಶ್ನಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಆ ‘ಯಾಕೆ’ಯನ್ನು ಬಿಟ್ಟು ಉಳಿದೆಲ್ಲವನ್ನೂ ವಿಚಾರಿಸಿದರೆ ಓದುವ ವಯಸ್ಸಿನ ಮಿದುಳಿಗೆ ಅತಿ ಅಗತ್ಯವಾದ ಇಂಧನವನ್ನೇ ಕೊಡದೆ ಕಳಿಸಿದಂತಾಗುತ್ತದೆ ಎಂದು ಕಳೆದ ಎರಡು ದಶಕಗಳ ಸಂಶೋಧನೆ ಬಲವಾಗಿ ಹೇಳುತ್ತಿದೆ. ಅದೇನು ಹೇಳುತ್ತಿದೆ, ಅದರಲ್ಲಿ ನಮ್ಮೂರಿಗೆ ಒಗ್ಗುವುದೆಷ್ಟು ಎಂದು ನೋಡೋಣ.

ಮೊದಲು ಊರಿನ ಕತೆ. ದಾವಣಗೆರೆಯನ್ನು ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಕರೆಯುತ್ತಿದ್ದ ಕಾಲದಲ್ಲಿ ಇಲ್ಲಿನ ಹುಡುಗರಿಗೆ ಭವಿಷ್ಯವೆಂದರೆ ಹತ್ತಿ ಗಿರಣಿ. ಮಿಲ್ಲಿನ ಸೈರನ್ನಿಗೆ ಊರು ಏಳುತ್ತಿತ್ತು. ಅಪ್ಪನ ಹಿಂದೆ ಮಗ ಮಿಲ್ಲಿಗೆ ಸೇರಿದರೆ ಬದುಕು ದಡ ಸೇರಿದಂತೆ ಎಂಬ ನಂಬಿಕೆ. ಹದಿನಾಲ್ಕು ಕಿಲೋಮೀಟರು ಆಚೆ, ತುಂಗಭದ್ರೆಯ ದಡದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅಲ್ಲಿ ತಯಾರಾದ ಲೇತ್ ಯಂತ್ರಗಳು ದೇಶದ ಎಷ್ಟೋ ವರ್ಕ್‌ಶಾಪುಗಳನ್ನು ಸೇರಿದವು. ಅದರ ಕೆಲಸಗಾರರ ಬಡಾವಣೆಗೆ ಯಂತ್ರಪುರ ಎಂದೇ ಹೆಸರು. ಆಮೇಲೆ ಗಿರಣಿಗಳು ಒಂದೊಂದಾಗಿ ನಿಂತವು. ಹೊಸ ಶತಮಾನದ ಹೊಸ್ತಿಲಲ್ಲಿ ಕಿರ್ಲೋಸ್ಕರ್ ಕಾರ್ಖಾನೆಯೂ ಬಾಗಿಲು ಹಾಕಿತು. ಇತ್ತ ಬಾಪೂಜಿ ವಿದ್ಯಾಸಂಸ್ಥೆ 1958ರಲ್ಲಿ ಹುಟ್ಟಿ, 1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು, 1979ರಲ್ಲಿ ಬಿಐಇಟಿ ಎಂಜಿನಿಯರಿಂಗ್ ಕಾಲೇಜು ಆರಂಭವಾಗಿದ್ದವು. 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು, 2009ರಲ್ಲಿ ವಿಶ್ವವಿದ್ಯಾಲಯವೂ ಬಂತು. ಹತ್ತಿಯ ಊರು ಅಂಕಪಟ್ಟಿಯ ಊರಾಯಿತು.

ಒಂದೇ ತಲೆಮಾರಿನ ಅವಧಿಯಲ್ಲಿ ಎರಡು ‘ಖಾತ್ರಿ ಕೆಲಸ’ಗಳು ಕಣ್ಣೆದುರೇ ಕರಗಿದ್ದನ್ನು ಕಂಡ ಊರುಗಳಿವು. ಇಲ್ಲಿನ ಅಪ್ಪ ಅಮ್ಮಂದಿರು ಮೂರನೆಯ ಖಾತ್ರಿಯನ್ನು, ಅಂದರೆ ಡಾಕ್ಟರು ಎಂಜಿನಿಯರು ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಇದೇ ಚರಿತ್ರೆ ಇನ್ನೊಂದು ಮಾತನ್ನೂ ಹೇಳುತ್ತದೆ. ಕೆಲಸದ ಹೆಸರು ಇಪ್ಪತ್ತು ವರ್ಷಕ್ಕೆ ಬದಲಾಗಬಹುದು. ಆ ಕೆಲಸವನ್ನು ಯಾರಿಗಾಗಿ, ಯಾವ ಕಾರಣಕ್ಕೆ ಮಾಡುತ್ತೇನೆ ಎಂಬುದು ಅಷ್ಟು ಬೇಗ ಹಳತಾಗುವುದಿಲ್ಲ.

ಹದಿಹರೆಯದಲ್ಲಿ ಮಿದುಳಿನೊಳಗೆ ಏನಾಗುತ್ತದೆ ಎಂಬುದು ಎಂಆರ್‌ಐ ಬಂದ ಮೇಲೆ ಸ್ಪಷ್ಟವಾಯಿತು. 1999ರಲ್ಲಿ ಅಮೆರಿಕದ ಜೇ ಗೀಡ್ ಮತ್ತು ಸಂಗಡಿಗರು ಅದೇ ಮಕ್ಕಳ ಮಿದುಳನ್ನು ಕೆಲವು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ನೋಡಿದರು. ಮಿದುಳಿನ ಮುಂಭಾಗದ ಹಾಲೆಯಲ್ಲಿ ಬೂದುದ್ರವ್ಯದ ಗಾತ್ರ ಹುಡುಗಿಯರಲ್ಲಿ 11ರ, ಹುಡುಗರಲ್ಲಿ 12ರ ವಯಸ್ಸಿನ ಆಸುಪಾಸಿನಲ್ಲಿ ಗರಿಷ್ಠಕ್ಕೇರಿ ನಂತರ ಇಳಿಯತೊಡಗುತ್ತದೆ. ಇಳಿಕೆ ಎಂದರೆ ನಷ್ಟವಲ್ಲ. ಬಳಸದ ನರಸಂಪರ್ಕಗಳು ಸವರಿಹೋಗುತ್ತವೆ, ಬಳಸಿದವು ಗಟ್ಟಿಯಾಗುತ್ತವೆ, ಅವುಗಳ ಸುತ್ತ ಮಯಲಿನ್ ಪದರ ದಪ್ಪಗಾಗಿ ಸಂಕೇತಗಳು ಬೇಗ ಓಡುತ್ತವೆ. ಮುಂದಾಲೋಚನೆ, ಸಂಯಮ, ತೂಗಿ ನೋಡುವ ಬುದ್ಧಿ ಇವೆಲ್ಲಕ್ಕೆ ಬೇಕಾದ ಪ್ರಿಫ್ರಂಟಲ್ ಭಾಗದಲ್ಲಿ ಈ ಕೆಲಸ ಇಪ್ಪತ್ತೈದರ ಹತ್ತಿರದವರೆಗೂ ನಡೆದೇ ಇರುತ್ತದೆ. ಮೆಚ್ಚುಗೆ, ಬಹುಮಾನ, ಅವಮಾನಗಳಿಗೆ ಮಿಡಿಯುವ ಒಳಭಾಗಗಳು ಮಾತ್ರ ಪ್ರೌಢಾವಸ್ಥೆ ಶುರುವಾದಾಗಲೇ ಚುರುಕಾಗಿಬಿಡುತ್ತವೆ.

ಗೆಳೆಯರ ಕಣ್ಣು ಈ ವಯಸ್ಸಿನಲ್ಲಿ ಎಷ್ಟು ಬಲಶಾಲಿ ಎಂಬುದನ್ನು 2005ರಲ್ಲಿ ಮಾರ್ಗೊ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಕಂಪ್ಯೂಟರಿನ ಕಾರು ಓಡಿಸುವ ಆಟವೊಂದರಿಂದ ತೋರಿಸಿದರು. ಒಬ್ಬರೇ ಆಡುವಾಗ ಸುಮಾರಾಗಿ ಎಚ್ಚರದಿಂದಿದ್ದ ಹದಿಹರೆಯದವರು ಗೆಳೆಯರು ಪಕ್ಕದಲ್ಲಿದ್ದಾಗ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. ದೊಡ್ಡವರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ‘ನನ್ನ ಫ್ರೆಂಡ್ಸೆಲ್ಲ ಅದೇ ಕಾಲೇಜಿಗೆ ಹೋಗ್ತಾರೆ’ ಎಂಬ ಮಾತನ್ನು ನಾವು ಹಟ ಎಂದುಕೊಳ್ಳುತ್ತೇವೆ. ಆ ಮಾತಿನ ಹಿಂದೆ ಜೀವಶಾಸ್ತ್ರವೂ ಇದೆ. ಇದೇ ವಯಸ್ಸಿನಲ್ಲಿ ನ್ಯಾಯ ಅನ್ಯಾಯ, ಸಮಾಜ, ದೂರದ ಕಾಲ ಮುಂತಾದ ಅಮೂರ್ತ ಸಂಗತಿಗಳನ್ನು ಯೋಚಿಸುವ ಶಕ್ತಿಯೂ ಅರಳುತ್ತದೆ ಎಂಬುದನ್ನು ಮರೆಯಬಾರದು. ಹತ್ತು ವರ್ಷದ ಮಗು ‘ಪೈಲಟ್ ಆಗ್ತೀನಿ’ ಎನ್ನುವುದಕ್ಕೂ ಹದಿನಾರರ ಹುಡುಗಿ ‘ನಮ್ಮೂರಲ್ಲಿ ಹೆರಿಗೆಗೆ ದಾವಣಗೆರೆಗೇ ಯಾಕೆ ಓಡಿಬರಬೇಕು?’ ಎಂದು ಕೇಳುವುದಕ್ಕೂ ನಡುವೆ ಮಿದುಳು ಬಹಳ ದೂರ ನಡೆದಿರುತ್ತದೆ.

ಇಂಥ ಪ್ರಶ್ನೆಯ ಬೆನ್ನು ಹತ್ತಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಲಿಯಂ ಡೇಮನ್. ಅವರ ಪ್ರಕಾರ ಬದುಕಿನ ಗುರಿ ಎನ್ನಿಸಿಕೊಳ್ಳಬೇಕಾದರೆ ಅದು ಇವತ್ತಿದ್ದು ನಾಳೆ ಮಾಯವಾಗುವ ಆಸೆಯಾಗಿರಬಾರದು, ತನಗೆ ಅರ್ಥಪೂರ್ಣ ಅನ್ನಿಸಬೇಕು, ಜೊತೆಗೆ ತನ್ನಾಚೆಗಿನ ಲೋಕಕ್ಕೂ ಅದರಿಂದ ಏನಾದರೂ ಆಗಬೇಕು. ಈ ಕೊನೆಯ ಮಾತೇ ಮುಖ್ಯ. ಅಮೆರಿಕದ ಹದಿಹರೆಯದವರನ್ನೂ ಎಳೆ ಪ್ರಾಯದವರನ್ನೂ ಮಾತಾಡಿಸಿ ಅವರು 2008ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಇಂಥ ಗುರಿ ಸ್ಪಷ್ಟವಾಗಿದ್ದವರು ಐವರಲ್ಲಿ ಒಬ್ಬರು. ನಾಲ್ವರಲ್ಲಿ ಒಬ್ಬರಿಗೆ ಯಾವುದರಲ್ಲೂ ಆಸಕ್ತಿಯಿರಲಿಲ್ಲ. ಉಳಿದವರಲ್ಲಿ ಕೆಲವರಿಗೆ ಕನಸಿತ್ತು, ಅದರ ಕಡೆಗೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಕೆಲವರು ಹತ್ತು ಕಡೆ ಕೈಹಾಕಿದ್ದರು, ಯಾವುದಕ್ಕೂ ಕಾರಣ ಗೊತ್ತಿರಲಿಲ್ಲ. ಈ ಸಂಖ್ಯೆಗಳನ್ನು ಹಾಗೆಯೇ ತಂದು ನಮ್ಮ ಮಕ್ಕಳ ಮೇಲೆ ಹೊರಿಸಬೇಕಿಲ್ಲ. ಆದರೆ ಈ ನಾಲ್ಕೂ ಬಗೆಯವರನ್ನು ಯಾವ ಪಿಯು ತರಗತಿಯ ಮೇಷ್ಟರಾದರೂ ಬೆರಳಿಟ್ಟು ತೋರಿಸಬಲ್ಲರು.

ಡೇಮನ್‌ಗಿಂತ ಮೊದಲೇ, 1966ರಲ್ಲಿ, ಜೇಮ್ಸ್ ಮಾರ್ಸಿಯಾ ಎಂಬ ಮನೋವಿಜ್ಞಾನಿ ಎರಿಕ್ ಎರಿಕ್‌ಸನ್ನರ ಚಿಂತನೆಯನ್ನು ಬೆಳೆಸುತ್ತ ಎರಡು ಪ್ರಶ್ನೆ ಎತ್ತಿದ್ದರು. ಈ ಹುಡುಗ ಬೇರೆ ಬೇರೆ ದಾರಿಗಳನ್ನು ತಡಕಾಡಿ ನೋಡಿದ್ದಾನೆಯೇ? ಒಂದಕ್ಕೆ ಬದ್ಧನಾಗಿದ್ದಾನೆಯೇ? ತಡಕಾಡಿ ಬದ್ಧರಾದವರು ಒಂದು ಗುಂಪು. ತಡಕಾಡುತ್ತಲೇ ಇರುವವರು ಇನ್ನೊಂದು. ತಡಕಾಟವೂ ಇಲ್ಲ, ಬದ್ಧತೆಯೂ ಇಲ್ಲ ಎನ್ನುವವರು ಮತ್ತೊಂದು. ನಮಗೆ ಹೆಚ್ಚು ಸಂಬಂಧಪಟ್ಟದ್ದು ನಾಲ್ಕನೆಯದು: ತಡಕಾಡದೆಯೇ ಬದ್ಧರಾದವರು. ಬೇರೆಯವರು ಹೇಳಿದ್ದನ್ನು ತನ್ನದೆಂದೇ ಒಪ್ಪಿಕೊಂಡು ಹೊರಟುಬಿಟ್ಟವರು. ಮೊದಮೊದಲು ಇವರಲ್ಲಿ ಗೊಂದಲವಿಲ್ಲ, ಆತಂಕವೂ ಕಡಿಮೆ, ಮನೆಯವರಿಗೂ ನೆಮ್ಮದಿ. ಆ ಒಂದೇ ದಾರಿ ಮುಚ್ಚಿದಾಗ ಕೈಯಲ್ಲಿ ಬೇರೇನೂ ಇರುವುದಿಲ್ಲ ಎಂಬುದು ಅಪಾಯ. ನೀಟ್‌ನಲ್ಲಿ ಸೀಟು ಸಿಗದ ದಿನ ‘ನಾನು ಯಾರು?’ ಎಂಬ ಪ್ರಶ್ನೆಯನ್ನು ಆ ಹುಡುಗ ಜೀವನದಲ್ಲಿ ಮೊದಲ ಸಲ ಎದುರಿಸುತ್ತಾನೆ, ಅದೂ ಸೋತೆನೆಂಬ ನೋವಿನ ನಡುವೆ. ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ನಮ್ಮ ರಾಜ್ಯದಲ್ಲಿ ಬಂದಿರುವುದು ಈ ದೃಷ್ಟಿಯಿಂದ ನನಗೆ ದೊಡ್ಡ ಸಮಾಧಾನ. ಮನಸ್ಸು ತೀರಾ ಕುಸಿದವರಿಗೆ ಟೆಲಿ ಮಾನಸ್ ಸಹಾಯವಾಣಿಯ 14416 ಹಗಲು ರಾತ್ರಿ ತೆರೆದಿರುತ್ತದೆ. ಈ ಸಂಖ್ಯೆ ಪ್ರತಿ ಹಾಸ್ಟೆಲ್ಲಿನ ಗೋಡೆಯ ಮೇಲಿರಬೇಕು, ರ‍್ಯಾಂಕಿನ ಫ್ಲೆಕ್ಸಿಗಿಂತ ಹತ್ತಿರದಲ್ಲಿ.

ತಡಕಾಟದ ಬೆಲೆ ಏನೆಂದು ತಿಳಿಯಲು ಹರಿಹರದ ಕಾರ್ಖಾನೆಯ ಹೆಸರಿನಲ್ಲೇ ಒಂದು ಕತೆ ಇದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಹುಡುಗನಿಗೆ ಹುಚ್ಚು ಎರಡು: ಚಿತ್ರ ಮತ್ತು ಯಂತ್ರ. ಶಾಲೆಯ ಪಾಠದಲ್ಲಿ ಮನಸ್ಸಿಲ್ಲ. ಮುಂಬಯಿಯ ಜೆ.ಜೆ. ಕಲಾಶಾಲೆಗೆ ಸೇರಿದ. ಸುಮಾರು ಎರಡು ವರ್ಷ ಕಳೆಯುವಷ್ಟರಲ್ಲಿ ಗೊತ್ತಾಯಿತು, ಕಣ್ಣಿಗೆ ಭಾಗಶಃ ವರ್ಣಾಂಧತೆ. ಬಣ್ಣಗಳನ್ನು ಸರಿಯಾಗಿ ಗುರುತಿಸಲಾಗದವನು ವರ್ಣಚಿತ್ರಕಾರನಾಗುವುದು ಹೇಗೆ? ಕೈಯಲ್ಲಿ ಉಳಿದದ್ದು ರೇಖೆ. ಅದನ್ನು ಹಿಡಿದು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತ, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಶಾಲೆಯಲ್ಲಿ ಅದನ್ನೇ ಕಲಿಸುವ ಮೇಷ್ಟರಾದ. ಬೆಳಗಾವಿಯಲ್ಲಿ ಅಣ್ಣತಮ್ಮಂದಿರ ಸೈಕಲ್ ಅಂಗಡಿ. ಅಲ್ಲಿಂದ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಹೊಲಕ್ಕೆ ವಿಷವೇರುತ್ತದೆ ಎಂದು ರೈತರು ಹೆದರಿ ಬಹುಕಾಲ ನೇಗಿಲನ್ನು ಮುಟ್ಟಲೇ ಇಲ್ಲ. ಕೊನೆಗೆ 1910ರಲ್ಲಿ ಕಾರ್ಖಾನೆಯ ಊರು ಕಿರ್ಲೋಸ್ಕರವಾಡಿ.

ಚಿತ್ರಕಾರ ಎಂಬ ಹುದ್ದೆಗಷ್ಟೇ ಅಂಟಿಕೊಂಡಿದ್ದರೆ ಆ ಕತೆ ಕಲಾಶಾಲೆಯ ಬಾಗಿಲಲ್ಲೇ ಮುಗಿಯುತ್ತಿತ್ತು. ರೇಖೆಯ ಮೇಲಿನ ಪ್ರೀತಿ, ಯಂತ್ರದ ಕುತೂಹಲ, ಎತ್ತಿನ ಹಿಂದೆ ಬೆವರು ಸುರಿಸುವವನ ಕಷ್ಟ ಇಳಿಸಬೇಕೆಂಬ ಹಂಬಲ ಇವು ಮೂರೂ ಬೇರೆ ಬೇರೆ ಹುದ್ದೆಗಳಲ್ಲಿ ತಮ್ಮ ದಾರಿ ಹುಡುಕಿಕೊಂಡವು. ಪಿಯುಸಿಗೆ ಹೋಗುವ ಮಗುವಿನಲ್ಲಿ ನಾವು ಹುಡುಕಬೇಕಾದದ್ದು ಇಂಥ ಮೂರು ಎಳೆಗಳನ್ನು.

ಇಲ್ಲೊಂದು ಆಕ್ಷೇಪವನ್ನು ನೇರವಾಗಿ ಎತ್ತಿಕೊಳ್ಳಬೇಕು. ‘ನಿನ್ನ ಇಷ್ಟದಂತೆ ಬದುಕು’ ಎಂಬುದು ಪಶ್ಚಿಮದವರ ಮಾತು, ನಮ್ಮಲ್ಲಿ ಮಕ್ಕಳು ಮನೆಗಾಗಿ ಓದುತ್ತಾರೆ, ಅದನ್ನು ತಪ್ಪು ಎನ್ನುವುದು ಸರಿಯೇ? ಸರಿಯಲ್ಲ, ವಿಜ್ಞಾನವೂ ಹಾಗೆ ಹೇಳುವುದಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಗೆ ಹೋಗಿ ನೋಡಿ. ಕಾದ ಮರಳಿನಲ್ಲಿ ಅಕ್ಕಿ ಅರಳುವ ಶಾಖ, ಗೋಡೆಗಳಿಗೆಲ್ಲ ಹತ್ತಿದ ಮಸಿ, ಕಣ್ಣಲ್ಲಿ ನೀರು ತರಿಸುವ ಹೊಗೆ. ಇಡೀ ಸಂಸಾರವೇ ಒಂದು ಒಲೆಯ ಸುತ್ತ ದುಡಿಯುವ ಮನೆಗಳಿವೆ. ಅಲ್ಲಿನ ಹುಡುಗನೊಬ್ಬ ‘ಅಮ್ಮನ್ನ ಈ ಹೊಗೆಯಿಂದ ಹೊರಗೆ ಕರ್ಕೊಂಡು ಹೋಗ್ಬೇಕು, ಅದಕ್ಕೆ ಓದ್ತೀನಿ’ ಎಂದರೆ ಅದು ಡೇಮನ್ ಹೇಳಿದ ಅರ್ಥದಲ್ಲೂ ಅಪ್ಪಟ ಗುರಿಯೇ. ತನ್ನಾಚೆಗೆ ಅದು ತಲುಪಿದೆ. ಇವಾ ಟೆಲ್ಜರ್ ಮತ್ತು ಆಂಡ್ರ್ಯೂ ಫುಲಿಗ್ನಿ 2009ರಲ್ಲಿ ಅಮೆರಿಕದ ಮೆಕ್ಸಿಕನ್, ಚೀನೀ ಮತ್ತು ಯುರೋಪಿಯನ್ ಮೂಲದ ಮಕ್ಕಳಿಂದ ಎರಡು ವಾರ ದಿನಚರಿ ಬರೆಸಿ ನೋಡಿದಾಗ, ಮನೆಯವರಿಗೆ ನೆರವಾಗುವುದು ಮಕ್ಕಳಿಗೆ ಸಾಮಾನ್ಯವಾಗಿ ಹೊರೆಯಾಗಿ ಕಂಡಿರಲಿಲ್ಲ. ‘ನಾನು ಒಳ್ಳೆಯ ಮಗ, ಮಗಳು’ ಎಂಬ ಭಾವದ ಮೂಲಕ ಅದು ಸಂತೋಷಕ್ಕೇ ದಾರಿಯಾಗಿತ್ತು. ಮನೆಗಾಗಿ ಓದುವುದು ಬೇರೆ, ಮನೆಯವರ ಮಾನಕ್ಕಾಗಿ ಓದುವುದು ಬೇರೆ. ಮೊದಲನೆಯದರಲ್ಲಿ ಮಗುವಿಗೆ ಪ್ರೀತಿಸಲು ಒಬ್ಬರಿದ್ದಾರೆ. ಎರಡನೆಯದರಲ್ಲಿ ಹೆದರಲು ಇಡೀ ಓಣಿ ಇದೆ.

ಇಂಥ ಗುರಿ ಓದಿನ ಬೇಸರದಲ್ಲಿ ಕೈ ಹಿಡಿಯುತ್ತದೆ ಎಂಬುದಕ್ಕೆ ಸಾಕ್ಷಿ 2014ರ ಒಂದು ಅಧ್ಯಯನ. ಡೇವಿಡ್ ಯೇಗರ್ ಮತ್ತು ಸಂಗಡಿಗರು ಬಡ ಕುಟುಂಬಗಳ 1,364 ಹೈಸ್ಕೂಲು ವಿದ್ಯಾರ್ಥಿಗಳ ಮುಂದೆ ಕಂಪ್ಯೂಟರ್ ಇಟ್ಟರು. ಪರದೆಯ ಒಂದು ಕಡೆ ಸಾಲುಸಾಲು ಕಳೆಯುವ ಲೆಕ್ಕ, ಇನ್ನೊಂದು ಕಡೆ ವಿಡಿಯೊ, ಟೆಟ್ರಿಸ್ ಆಟ. ಯಾವುದನ್ನಾದರೂ ಮಾಡಬಹುದು. ‘ಕಲಿತು ಲೋಕಕ್ಕೆ ಉಪಯೋಗವಾಗಬೇಕು’ ಎಂಬ ಕಾರಣ ಹೊತ್ತವರು ಆ ನೀರಸ ಲೆಕ್ಕಗಳಿಗೆ ಹೆಚ್ಚು ಹೊತ್ತು ಅಂಟಿಕೊಂಡರು. ಒಳ್ಳೆಯ ಸಂಬಳ, ಇಷ್ಟದ ಕೆಲಸ ಎಂಬ ಕಾರಣಗಳಿಗೆ ಮಾತ್ರ ಅಷ್ಟು ಬಲ ಕಾಣಲಿಲ್ಲ. ಮುಂದುವರಿದು ಅವರು ಒಂಬತ್ತನೇ ತರಗತಿಯವರಿಗೆ ಒಂದೇ ಅವಧಿಯ ಚಟುವಟಿಕೆ ಕೊಟ್ಟರು. ಲೋಕದಲ್ಲಿ ಏನು ಸರಿಹೋಗಬೇಕು ಎಂದು ಮೊದಲು ಕೇಳುವುದು, ಹಿರಿಯ ವಿದ್ಯಾರ್ಥಿಗಳು ತಾವೇಕೆ ಕಲಿಯುತ್ತೇವೆ ಎಂದು ಹೇಳಿದ್ದನ್ನು ಓದಿಸುವುದು, ಕೊನೆಗೆ ತಮಗಿಂತ ಕಿರಿಯರಿಗೆ ಸಲಹೆ ಬರೆಯಿಸುವುದು. ಅಷ್ಟೇ. ಕೆಲವು ತಿಂಗಳ ನಂತರ ಗಣಿತ, ವಿಜ್ಞಾನದ ಅಂಕಗಳಲ್ಲಿ ಸಣ್ಣದಾದರೂ ಅಳೆಯಬಹುದಾದ ಏರಿಕೆ ಕಂಡಿತು, ಹಿಂದುಳಿದವರಲ್ಲಿ ಇನ್ನೂ ಹೆಚ್ಚು. ಪಿಯು ಮೊದಲ ವರ್ಷದ ಟ್ರಿಗೊನಾಮೆಟ್ರಿ ಯಾರಿಗೂ ಟೆಟ್ರಿಸ್‌ನಷ್ಟು ರುಚಿಸುವುದಿಲ್ಲ, ಮೊಬೈಲು ಕೈಗೆಟುಕುವಲ್ಲೇ ಇರುತ್ತದೆ. ಮೊಬೈಲು ಕಿತ್ತಿಟ್ಟುಕೊಳ್ಳುವುದಕ್ಕಿಂತ ಗಟ್ಟಿಯಾದ ಉಪಾಯ ಇದು ಎಂದು ನನ್ನ ನಂಬಿಕೆ.

ಮೌಲ್ಯಗಳ ವಿಷಯದಲ್ಲೂ ಉಪದೇಶ ಈ ವಯಸ್ಸಿಗೆ ಹಿಡಿಸುವುದಿಲ್ಲ. ಟೆಕ್ಸಸ್‌ನ ಎಂಟನೇ ತರಗತಿಯ 500ಕ್ಕೂ ಹೆಚ್ಚು ಮಕ್ಕಳಲ್ಲಿ ಕೆಲವರಿಗೆ ‘ಜಂಕ್ ಫುಡ್ ಆರೋಗ್ಯಕ್ಕೆ ಕೆಟ್ಟದ್ದು’ ಎಂಬ ಮಾಮೂಲಿ ಪಾಠ ಹೇಳಲಾಯಿತು. ಉಳಿದವರಿಗೆ ಆಹಾರ ಕಂಪನಿಗಳು ಪುಟ್ಟ ಮಕ್ಕಳನ್ನು ಹೇಗೆ ಮರುಳು ಮಾಡುತ್ತವೆ, ಅದನ್ನು ಎದುರಿಸಿ ನಿಂತವರು ಹೇಗಿರುತ್ತಾರೆ ಎಂದು ತೋರಿಸಲಾಯಿತು. ಮರುದಿನ ಬೇರಾವುದೋ ನೆಪದಲ್ಲಿ ತಿಂಡಿ ಆರಿಸಿಕೊಳ್ಳಲು ಬಿಟ್ಟಾಗ ಎರಡನೆಯ ಗುಂಪಿನವರೇ ಒಳ್ಳೆಯದನ್ನು ಹೆಚ್ಚಾಗಿ ಆರಿಸಿದರು. ಕ್ರಿಸ್ಟೋಫರ್ ಬ್ರಯಾನ್ ಮತ್ತು ಯೇಗರ್ ತಂಡದ ಈ ಅಧ್ಯಯನ ಪ್ರಕಟವಾದದ್ದು 2016ರಲ್ಲಿ. ಸ್ವಾಭಿಮಾನ, ಅನ್ಯಾಯದ ಮೇಲಿನ ಸಿಟ್ಟು ಇವು ಹದಿಹರೆಯದಲ್ಲಿ ಹೇಗಿದ್ದರೂ ಉಕ್ಕುತ್ತಿರುತ್ತವೆ. ದೊಡ್ಡವರ ಕೆಲಸ ಅದಕ್ಕೆ ಯೋಗ್ಯ ವಿಷಯ ಒದಗಿಸುವುದು. ಹರಿಹರದ ಮಕ್ಕಳಿಗೆ ತುಂಗಭದ್ರೆಗೆ ಸೇರುವ ಕೊಳಚೆ ನೀರಿಗಿಂತ ಹತ್ತಿರದ ವಿಷಯ ಯಾವುದಿದೆ? ಒಂದು ಲೋಟ ಹೊಳೆ ನೀರನ್ನು ಕಾಲೇಜಿನ ಲ್ಯಾಬಿಗೆ ತಂದು ಅದರಲ್ಲಿ ಕರಗಿದ ಆಮ್ಲಜನಕ ಅಳೆದು ನೋಡಿದ ಹುಡುಗಿಗೆ ಕೆಮಿಸ್ಟ್ರಿ ಎಂದರೆ ಬರೀ ಪಠ್ಯಪುಸ್ತಕವಾಗಿ ಉಳಿಯುವುದಿಲ್ಲ.

ಇನ್ನು ಕಾಣುವುದರ ಶಕ್ತಿ. ಮಗು ತಾನು ಕಂಡದ್ದನ್ನು ಮಾತ್ರ ಬಯಸಬಲ್ಲದು. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ 495 ಹಳ್ಳಿಗಳಲ್ಲಿ ಲೋರಿ ಬೀಮನ್, ಎಸ್ತರ್ ಡುಫ್ಲೊ, ರೋಹಿಣಿ ಪಾಂಡೆ, ಪೆಟಿಯಾ ಟೊಪಲೋವಾ ನಡೆಸಿದ ಅಧ್ಯಯನ 2012ರಲ್ಲಿ ಬಂತು. ಮೀಸಲಾತಿಯಿಂದ ಎರಡು ಅವಧಿಗೆ ಮಹಿಳೆಯೇ ಪಂಚಾಯಿತಿ ಅಧ್ಯಕ್ಷೆಯಾಗಿದ್ದ ಹಳ್ಳಿಗಳಲ್ಲಿ, ಗಂಡುಮಕ್ಕಳು ಮತ್ತು ಹೆಣ್ಣುಮಕ್ಕಳ ಬಗ್ಗೆ ಹೆತ್ತವರು ಇಟ್ಟುಕೊಂಡ ಆಕಾಂಕ್ಷೆಗಳ ನಡುವಿನ ಅಂತರ ಶೇ 25ರಷ್ಟು ಕುಗ್ಗಿತ್ತು. ಮಕ್ಕಳೇ ತಮ್ಮ ಬಗ್ಗೆ ಇಟ್ಟುಕೊಂಡ ಆಕಾಂಕ್ಷೆಗಳಲ್ಲಿ ಅಂತರ ಶೇ 32ರಷ್ಟು ಇಳಿದಿತ್ತು. ಓದಿನಲ್ಲಿದ್ದ ಅಂತರ ಅಳಿಸಿಯೇ ಹೋಗಿತ್ತು. ಹೊಸ ಶಾಲೆ ಕಟ್ಟಿಸಿ ಆದದ್ದಲ್ಲ ಇದು. ಅಧಿಕಾರದಲ್ಲಿ ಕೂತ ಒಬ್ಬ ಹೆಂಗಸನ್ನು ಹುಡುಗಿಯರು ದಿನಾ ನೋಡಿದರು. ಮಂಡಲ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇ 25 ಸ್ಥಾನವನ್ನು ಕಾನೂನಿನಲ್ಲಿ 1983ರಲ್ಲೇ ಬರೆದಿಟ್ಟ, ಈಗ ಶೇ 50 ಕೊಟ್ಟಿರುವ ಕರ್ನಾಟಕದಲ್ಲಿ ಈ ಅವಕಾಶ ಪ್ರತಿ ಹಳ್ಳಿಯಲ್ಲಿದೆ. ಹೈಸ್ಕೂಲಿನವರು ಪಂಚಾಯಿತಿ ಸದಸ್ಯೆಯೊಬ್ಬರನ್ನು ಕರೆದು ಒಂದು ಪೀರಿಯಡ್ ಮಾತಾಡಿಸಿದರೆ ಅದಕ್ಕೆ ಅನುದಾನ ಬೇಕಿಲ್ಲ.

ಗುರಿ ಇದ್ದು ಯೋಜನೆ ಇಲ್ಲದವರ ಪಾಡು ಡೇಮನ್ ಹೇಳಿದ ಕನಸುಗಾರರದ್ದು. ಇಲ್ಲಿ ನೆರವಿಗೆ ಬರುವವರು ಗೇಬ್ರಿಯೆಲಾ ಓಟಿಂಗನ್ ಮತ್ತು ಪೀಟರ್ ಗೊಲ್ವಿಟ್ಸರ್. ಸಿಹಿ ಭವಿಷ್ಯವನ್ನು ಸುಮ್ಮನೆ ಕಲ್ಪಿಸಿಕೊಂಡು ಕೂತರೆ ಪ್ರಯತ್ನ ಕಡಿಮೆಯಾಗುತ್ತದೆ ಎಂದು ಓಟಿಂಗನ್ ಹಲವು ಪ್ರಯೋಗಗಳಲ್ಲಿ ಕಂಡರು. ಮಿದುಳು ಆಗಲೇ ಗೆದ್ದಂತೆ ಸುಧಾರಿಸಿಕೊಂಡುಬಿಡುತ್ತದೆ. ಕನಸಿನ ಪಕ್ಕದಲ್ಲೇ ಅಡ್ಡಿಯನ್ನೂ ಇಟ್ಟು ನೋಡಬೇಕು ಎಂಬುದು ಅವರ ಸಲಹೆ. ಆ ಅಡ್ಡಿ ಎದುರಾದರೆ ಏನು ಮಾಡುತ್ತೇನೆಂದು ಮುಂಚೆಯೇ ಬರೆದಿಟ್ಟುಕೊಳ್ಳಬೇಕು ಎನ್ನುವುದು ಗೊಲ್ವಿಟ್ಸರ್ ಸೇರಿಸಿದ ಭಾಗ. ಇವರಿಬ್ಬರೂ ಏಂಜೆಲಾ ಡಕ್‌ವರ್ತ್ ಜೊತೆ ಸೇರಿ 2011ರಲ್ಲಿ 66 ಹೈಸ್ಕೂಲು ವಿದ್ಯಾರ್ಥಿಗಳಿಗೆ ಅರ್ಧ ಗಂಟೆಯ ಬರವಣಿಗೆಯಲ್ಲಿ ಇದನ್ನು ಕಲಿಸಿದರು. ದೊಡ್ಡ ಪರೀಕ್ಷೆಯ ತಯಾರಿಗೆ ಬೇಸಿಗೆಯಲ್ಲಿ ಕೊಟ್ಟ ಅಭ್ಯಾಸದ ಪ್ರಶ್ನೆಗಳಲ್ಲಿ, ಕಲಿತವರು ಬಿಡಿಸಿದ್ದು ಕಲಿಯದವರಿಗಿಂತ ಶೇ 60ಕ್ಕೂ ಹೆಚ್ಚು.

ಹರಿಹರದಿಂದ ದಿನಾ ದಾವಣಗೆರೆಯ ಕಾಲೇಜಿಗೆ ಹೋಗಿಬರುವ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ‘ದಿನಾ ಚೆನ್ನಾಗಿ ಓದ್ತೀನಿ’ ಎಂಬುದು ಯೋಜನೆಯಲ್ಲ. ಸಂಜೆ ಬಸ್ಸು ತುಂಬಿ ತುಳುಕುತ್ತದೆ, ಮನೆ ತಲುಪಿದಾಗ ಸುಸ್ತು, ಪುಟ್ಟ ತಮ್ಮನ ಹೋಂವರ್ಕು, ಅಮ್ಮನಿಗೆ ರೊಟ್ಟಿ ತಟ್ಟಲು ಕೈ ಸೇರಿಸಬೇಕು. ಅವಳ ಅಡ್ಡಿಗಳು ಇವು. ಹಾಗಾಗಿ ಅವಳು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಯಬೇಕಾದದ್ದು ಹೀಗೆ: ‘ಬೆಳಿಗ್ಗೆ ಬಸ್ಸಲ್ಲಿ ಸೀಟು ಸಿಕ್ಕಿದ ಕೂಡಲೇ ನಿನ್ನೆಯ ಫಿಸಿಕ್ಸ್ ನೋಟ್ಸ್ ತೆಗೀತೀನಿ. ಸೀಟು ಸಿಗದಿದ್ದರೆ ನಿಂತುಕೊಂಡೇ ಸೂತ್ರಗಳನ್ನು ಮನಸ್ಸಲ್ಲಿ ಹೇಳಿಕೊಳ್ತೀನಿ. ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಮೇಲೆ ಮೊಬೈಲನ್ನು ಅಡುಗೆಮನೆಯಲ್ಲೇ ಬಿಟ್ಟು ಬಂದು ಮೂರು ಲೆಕ್ಕ ಬಿಡಿಸ್ತೀನಿ.’ ಇದು ಒಂದು ವಾರ ನಡೆದರೆ ಅವಳಿಗೆ ತನ್ನ ಮೇಲೆ ನಂಬಿಕೆ ಬರುತ್ತದೆ. ನಡೆಯದಿದ್ದರೆ ಅಡ್ಡಿಯನ್ನು ತಪ್ಪಾಗಿ ಗುರುತಿಸಿದ್ದೆವು ಎಂದರ್ಥ, ಬೇರೆ ಬರೆಯಬೇಕು.

ಇದನ್ನೆಲ್ಲ ಕಲಿಸುವವರು ಯಾರು? ಕರ್ನಾಟಕದಲ್ಲೇ ಉತ್ತರವಿದೆ. ಶಾಲೆಯ ಮೇಷ್ಟರುಗಳಿಗೇ ತರಬೇತಿ ಕೊಟ್ಟು ಜೀವನ ಕೌಶಲಗಳನ್ನು ಕಲಿಸುವ ಮಾದರಿಯನ್ನು ಬೆಂಗಳೂರಿನ ನಿಮ್ಹಾನ್ಸ್‌ನ ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ ರೂಪಿಸಿದರು. 2010ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಒಂದು ವರ್ಷ ಕಲಿತ 605 ಮಕ್ಕಳನ್ನು ಕಲಿಯದ 423 ಮಕ್ಕಳೊಂದಿಗೆ ಹೋಲಿಸಿದಾಗ ಆತ್ಮಗೌರವ, ಕಷ್ಟ ನಿಭಾಯಿಸುವ ವಿಶ್ವಾಸ, ಮೇಷ್ಟರೊಂದಿಗಿನ ಹೊಂದಾಣಿಕೆ ಇವೆಲ್ಲ ಮೊದಲ ಗುಂಪಿನಲ್ಲಿ ಉತ್ತಮವಾಗಿದ್ದವು. ಮಾನಸಿಕ ತೊಂದರೆಯ ಲಕ್ಷಣಗಳಲ್ಲಿ, ಮನೆಯೊಳಗಿನ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮನೆಯ ಪಾಲಿನ ಕೆಲಸವನ್ನು ಮನೆಯೇ ಮಾಡಬೇಕು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ನಿಮ್ಹಾನ್ಸ್ ಮತ್ತು ರಾಜ್ಯದ ಯುವ ಸಬಲೀಕರಣ ಇಲಾಖೆ ಸೇರಿ ನಡೆಸುವ ‘ಯುವ ಸ್ಪಂದನ’ ಕೇಂದ್ರಗಳು ಜಿಲ್ಲೆಗಳಲ್ಲಿವೆ. ದಾವಣಗೆರೆಗೆ ಬಂದ ಪೋಷಕರು ಕಾಲೇಜುಗಳ ಸುತ್ತಾಟದ ನಡುವೆ ಅಲ್ಲಿಗೂ ಒಮ್ಮೆ ಹೋಗಬಹುದು.

ಮನೆಯಲ್ಲಿ ಏನು ಮಾಡಬಹುದು ಎಂಬುದಕ್ಕೆ ನನಗೆ ಅತ್ಯಂತ ಭರವಸೆ ಕೊಟ್ಟದ್ದು ಮ್ಯಾಥ್ಯೂ ಬಂಡಿಕ್ 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ. ಕಾಲೇಜು ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಬದುಕಿನ ಗುರಿಗಳ ಬಗ್ಗೆ, ಮೌಲ್ಯಗಳ ಬಗ್ಗೆ ಸುಮಾರು 45 ನಿಮಿಷ ಮಾತಾಡಿಸಲಾಯಿತು. ಸಲಹೆ ಇಲ್ಲ, ತಿದ್ದುವುದಿಲ್ಲ, ಬರೀ ಪ್ರಶ್ನೆ, ಆಲಿಸುವಿಕೆ. ಒಂಬತ್ತು ತಿಂಗಳ ನಂತರ ನೋಡಿದಾಗ ಹಾಗೆ ಮಾತಾಡಿದವರಲ್ಲಿ ಗುರಿಯ ಕಡೆಗಿನ ನಡಿಗೆಯೂ ಬದುಕಿನ ತೃಪ್ತಿಯೂ ಮಾತಾಡದವರಿಗಿಂತ ಹೆಚ್ಚಾಗಿದ್ದವು. ಕೇಳುವವರೊಬ್ಬರು ಎದುರಿಗೆ ಕೂತಾಗಲೇ ಎಷ್ಟೋ ಸಲ ನಮ್ಮ ಮನಸ್ಸಿನಲ್ಲೇನಿದೆ ಎಂದು ನಮಗೆ ಗೊತ್ತಾಗುತ್ತದೆ. ‘ಯಾವ ಕೆಲಸ ಮಾಡುವಾಗ ನಿಂಗೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ?’ ‘ನಮ್ಮೂರಲ್ಲಿ ಏನು ನೋಡಿದ್ರೆ ನಿಂಗೆ ಬೇಜಾರಾಗುತ್ತೆ?’ ‘ಯಾರ ಥರ ಆಗ್ಬೇಕು ಅನ್ಸುತ್ತೆ, ಅವರಲ್ಲಿ ಏನು ಇಷ್ಟ?’ ಇಂಥ ಪ್ರಶ್ನೆಗಳು ಸಾಕು. ಕಷ್ಟವಿರುವುದು ಉತ್ತರ ಬಂದ ಮೇಲೆ ಅಪ್ಪ ಸುಮ್ಮನಿರುವುದರಲ್ಲಿ.

ಎಸ್ಸೆಸ್ಸೆಲ್ಸಿ ರಿಸಲ್ಟು ಬಂದು ಪಿಯು ತರಗತಿ ಶುರುವಾಗುವುದರ ನಡುವೆ ಕೆಲವು ವಾರಗಳು ಸಿಗುತ್ತವೆ. ಆ ದಿನಗಳಲ್ಲಿ ಮಗುವನ್ನು ಮೂರು ಕಡೆ ಅರ್ಧರ್ಧ ದಿನ ಕೂರಿಸಿ ಬನ್ನಿ. ತಾಲ್ಲೂಕು ಆಸ್ಪತ್ರೆಯ ಲ್ಯಾಬ್ ಇರಬಹುದು, ಪರಿಚಯದ ವಕೀಲರ ಆಫೀಸು, ಊರಿನ ಸಹಕಾರ ಸಂಘ, ಹೊಸ ಬೆಳೆ ಹಾಕಿರುವ ರೈತನ ಹೊಲ ಇರಬಹುದು. ಹರಿಹರದ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರದಲ್ಲಿ ಹತ್ತನೇ ತರಗತಿ ಮುಗಿಸಿದವರಿಗೆ ಉಪಕರಣ ಮತ್ತು ಅಚ್ಚು ತಯಾರಿಕೆಯ ಡಿಪ್ಲೊಮಾ ಇದೆ. ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದ ಊರಿನಲ್ಲಿ ಲೋಹ ಕೊರೆಯುವ ವಿದ್ಯೆ ಹೊಸ ಯಂತ್ರಗಳ ಮೇಲೆ ಮುಂದುವರಿದಿದೆ. ಅದನ್ನು ನೋಡದೆಯೇ ‘ಡಿಪ್ಲೊಮಾ ಬೇಡ’ ಎನ್ನುವವರೇ ಹೆಚ್ಚು. ಹೋದಲ್ಲೆಲ್ಲ ಮಗು ಅಲ್ಲಿಯವರನ್ನು ಮೂರು ಪ್ರಶ್ನೆ ಕೇಳಲಿ. ಈ ಕೆಲಸಕ್ಕೆ ಹೇಗೆ ಬಂದಿರಿ? ನಿಮ್ಮ ಕೆಲಸದಿಂದ ಯಾರಿಗೆ ಅನುಕೂಲ? ಯಾವ ದಿನ ಇದು ಬೇಡವೆನ್ನಿಸುತ್ತದೆ? ಮೂರನೆಯ ಪ್ರಶ್ನೆಯನ್ನು ಬಿಡಬೇಡಿ. ಯಾವ ಫ್ಲೆಕ್ಸೂ ಅದಕ್ಕೆ ಉತ್ತರ ಕೊಡುವುದಿಲ್ಲ. ಕೆಲಸದ ಬೇಸರವನ್ನು ಮೊದಲೇ ತಿಳಿದವರು ಅದು ಎದುರಾದಾಗ ‘ನಾನು ತಪ್ಪು ಕಡೆ ಬಂದೆ’ ಎಂದು ಬೇಗನೆ ಎದೆಗುಂದುವುದಿಲ್ಲ.

ಮನೆಗೆ ಬಂದ ರಾತ್ರಿ ಅರ್ಧ ಪುಟ ಬರೆಯಲಿ, ಕನ್ನಡದಲ್ಲಿ, ಯಾರೂ ತಿದ್ದದಂತೆ. ಮೂರು ಕಡೆ ಹೋಗಿ ಬಂದ ಮೇಲೂ ಮಗಳು ಪಿಸಿಎಂಬಿಯನ್ನೇ ಆರಿಸಬಹುದು. ಆರಿಸಲಿ. ಆಗ ಅವಳ ಕೈಯಲ್ಲಿ ಒಂದು ಕಾರಣವೂ ಇರುತ್ತದೆ, ಆ ದಾರಿ ಸಾಗದಿದ್ದರೆ ನೋಡಿಟ್ಟುಕೊಂಡ ಇನ್ನೆರಡು ದಾರಿಗಳೂ ಇರುತ್ತವೆ. ಮೊದಲ ಟೆಸ್ಟಿನಲ್ಲಿ ಅಂಕ ಕಡಿಮೆ ಬಂದಾಗ ಆ ಅರ್ಧ ಪುಟವನ್ನು ಹೊರಗೆ ತೆಗೆದು, ಅವಳಿಂದಲೇ ಓದಿಸಿ, ಆಮೇಲೆ ಅಂಕದ ಮಾತಿಗೆ ಬನ್ನಿ.